ಅಪ್ಪನ ಲೆಕ್ಕದ ಪುಸ್ತಕ ಹಿಡಿದು ನ್ಯೂಮಾರ್ಕೆಟ್‌ನ ಕುದುರೆ ರೇಸ್ ಮ್ಯೂಸಿಯಂಗೆ

ಅಪ್ಪನ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇತ್ತು. ಅದರಲ್ಲಿ ಮನೆ ಖರ್ಚಿನ ಲೆಕ್ಕ ಇರಲಿಲ್ಲ. ಇಂಗ್ಲೆಂಡಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಡರ್ಬಿ ಅನ್ನುವ ದೊಡ್ಡ ಕುದುರೆ ರೇಸನ್ನು ಗೆದ್ದ ಕುದುರೆಗಳ ಹೆಸರು ಇತ್ತು. ಪ್ರತಿ ಹೆಸರಿನ ಮುಂದೆ ಮೂರು ಕಾಲಂ: ಜಾಕಿ, ಟ್ರೇನರ್, ಮಾಲೀಕ. ಅಪ್ಪ ಜೀವಮಾನದಲ್ಲಿ ಒಂದು ಸಲವೂ ಕುದುರೆ ಮೇಲೆ ದುಡ್ಡು ಕಟ್ಟಿದವರಲ್ಲ. ಡರ್ಬಿ ದಿನ ರೇಡಿಯೊ ಪಕ್ಕ ಕೂತು ಬಿಬಿಸಿ ಕೇಳುತ್ತಿದ್ದರು. ಮುಗಿದ ಮೇಲೆ ಪೆನ್ನು ತೆಗೆಯುತ್ತಿದ್ದರು. "ಕುದುರೆ ಗೆದ್ದಿತು ಅಂತ ಎಲ್ಲರೂ ಹೇಳ್ತಾರೆ. ಓಡಿಸಿದವನು ಯಾರು, ತಯಾರು ಮಾಡಿದವನು ಯಾರು, ಅದನ್ನ ಕೇಳು" ಅನ್ನುತ್ತಿದ್ದರು.

ಮಗ ಕೇಂಬ್ರಿಡ್ಜ್‌ನಲ್ಲಿದ್ದಾನೆ. ಈ ಸಲ ಅವನ ಮನೆಗೆ ಹೋಗುವಾಗ ಆ ಪುಸ್ತಕವನ್ನೂ ಸೂಟ್‌ಕೇಸಿನಲ್ಲಿ ಇಟ್ಟುಕೊಂಡೆ. ಅಲ್ಲಿಂದ ರೈಲಿನಲ್ಲಿ ನ್ಯೂಮಾರ್ಕೆಟ್ ತುಂಬ ಹತ್ತಿರ. ಅಲ್ಲಿರುವ ನ್ಯಾಷನಲ್ ಹಾರ್ಸ್‌ರೇಸಿಂಗ್ ಮ್ಯೂಸಿಯಂ ಬಗ್ಗೆ ಈ ಬರಹ. ಜಾಗ ಹೇಗಿದೆ ಅಂತ ಅಳೆಯಲು ನನ್ನ ಹತ್ತಿರ ಇದ್ದದ್ದು ಆ ಮೂರು ಕಾಲಂ ಮಾತ್ರ.

ಎರಡನೇ ಚಾರ್ಲ್ಸ್ ದೊರೆ ಕಟ್ಟಿಸಿದ ಅರಮನೆಯಲ್ಲಿ ಈಗ ಉಳಿದಿರುವ ಭಾಗಕ್ಕೆ ಪ್ಯಾಲೇಸ್ ಹೌಸ್ ಅನ್ನುತ್ತಾರೆ. ಅದು, ಅದರ ಎದುರಿನ ಟ್ರೇನರ್ ಮನೆ, ಹಳೆಯ ಲಾಯಗಳು, ಎಲ್ಲ ಸೇರಿ ಈಗಿನ ಮ್ಯೂಸಿಯಂ. 2016ರಲ್ಲಿ ಎಲಿಜಬೆತ್ ರಾಣಿಯೇ ಬಂದು ಉದ್ಘಾಟಿಸಿದ್ದು. ಸುಮ್ನೆ ಹಳೆ ಸಾಮಾನು ಜೋಡಿಸಿಟ್ಟ ಕಟ್ಟಡ ಇದಲ್ಲ. 1980ರ ದಶಕದವರೆಗೂ ಈ ಲಾಯಗಳಲ್ಲಿ ರೇಸಿನ ಕುದುರೆಗಳೇ ಇದ್ದವು. ಕಲ್ಲು ಹಾಸಿದ ಅಂಗಳದಲ್ಲಿ ನಡೆಯುವಾಗ ಅದು ಗೊತ್ತಾಗುತ್ತದೆ.

ನಾನು ಜಾಸ್ತಿ ಹೊತ್ತು ನಿಂತದ್ದು ಒಂದು ಸಣ್ಣ ಪಿಸ್ತೂಲಿನ ಮುಂದೆ. ಫ್ರೆಡ್ ಆರ್ಚರ್‌ನದು.

ಆರ್ಚರ್ ಸತತ 13 ವರ್ಷ ಚಾಂಪಿಯನ್ ಜಾಕಿ, ಅಂದರೆ ಆ ವರ್ಷ ಎಲ್ಲರಿಗಿಂತ ಹೆಚ್ಚು ರೇಸ್ ಗೆದ್ದವನು. ಗೆದ್ದ ರೇಸುಗಳು 2,748. ಡರ್ಬಿ ಐದು ಸಲ. ಆದರೆ ಅವನ ಎತ್ತರ 5 ಅಡಿ 10 ಇಂಚು. ಜಾಕಿಗೆ ಅಷ್ಟು ಎತ್ತರ ಅಂದರೆ ದಿನವೂ ಹಸಿವಿನ ಜೊತೆ ಜಗಳ. ಹರಳೆಣ್ಣೆ ಕುಡಿಯುತ್ತಿದ್ದ. ಹೊಟ್ಟೆ ಖಾಲಿ ಮಾಡಲು ಅವನಿಗೆಂದೇ ಒಂದು ಔಷಧಿ ತಯಾರಾಗುತ್ತಿತ್ತು. 1886ರಲ್ಲಿ ಆರ್ಮಂಡ್ ಮೇಲೆ ಕೂತು ಡರ್ಬಿ ಗೆದ್ದ. ಅದೇ ವರ್ಷದ ಕೊನೆಯ ಹೊತ್ತಿಗೆ ಸೇಂಟ್ ಮಿರಿನ್ ಅನ್ನುವ ಕುದುರೆಗಾಗಿ ತೂಕ ಇಳಿಸಲು ಮತ್ತೆ ಉಪವಾಸ. ಅಷ್ಟೆಲ್ಲ ಮಾಡಿದ ಮೇಲೆ ಆ ರೇಸನ್ನು ಕುದುರೆಯ ತಲೆಯಷ್ಟು ಅಂತರದಲ್ಲಿ ಸೋತ. ಆಮೇಲೆ ಜ್ವರ ಹಿಡಿಯಿತು. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡು ಆಗ ಎರಡು ವರ್ಷ. ನವೆಂಬರ್ 8ರಂದು ಜ್ವರದಲ್ಲೇ ತನಗೆ ತಾನೇ ಗುಂಡು ಹಾರಿಸಿಕೊಂಡ. ವಯಸ್ಸು 29.

ಇಷ್ಟೂ ನನಗೆ ಅಪ್ಪ ಹೇಳಿ ಗೊತ್ತಿತ್ತು. ಆದರೂ ಆ ಪಿಸ್ತೂಲು ಅಂಗೈಯಷ್ಟೇ ಇದೆ ಅಂತ ಕಣ್ಣಾರೆ ಕಂಡಾಗ ಗಂಟಲು ಕಟ್ಟಿತು. ಮಗ ನನ್ನ ಭುಜ ಹಿಡಿದು ನಿಂತಿದ್ದ.

ಅಪ್ಪನ ಪಟ್ಟಿಯ ಮೊದಲ ಸಾಲು 1953. ಕುದುರೆ ಪಿಂಜಾ. ಜಾಕಿ ಗೋರ್ಡನ್ ರಿಚರ್ಡ್ಸ್. ಗಣಿ ಕಾರ್ಮಿಕನ ಮಗ, 26 ಸಲ ಚಾಂಪಿಯನ್, ಆದರೆ ಡರ್ಬಿ ಮಾತ್ರ ಒಲಿದಿರಲಿಲ್ಲ. ಅದು ಅವರ 28ನೇ ಪ್ರಯತ್ನ. ರಾಣಿಯ ಪಟ್ಟಾಭಿಷೇಕ ಆಗಿ ನಾಲ್ಕೇ ದಿನ. ಎರಡನೆಯದಾಗಿ ಬಂದದ್ದು ರಾಣಿಯದೇ ಕುದುರೆ, ಆರಿಯೋಲ್. ಇಡೀ ದೇಶ ರಾಣಿಯ ಕುದುರೆ ಗೆಲ್ಲಲಿ ಅಂತ ಕಾದಿತ್ತು, ಆದರೂ ರಿಚರ್ಡ್ಸ್ ಗೆದ್ದಾಗ ಯಾರಿಗೂ ಬೇಜಾರಾಗಲಿಲ್ಲ. ರಾಣಿ ಅವರನ್ನು ಕರೆಸಿ ಅಭಿನಂದಿಸಿದರು.

ಪಿಂಜಾದ ಮಾಲೀಕರು ಸರ್ ವಿಕ್ಟರ್ ಸಸೂನ್. ಬೊಂಬಾಯಿಯ ಸಸೂನ್ ಮನೆತನದವರು. ಅಪ್ಪನ ಮೂರನೇ ಕಾಲಂನಲ್ಲಿ ಆ ಹೆಸರು 1953, 1957, 1958, 1960 ಹೀಗೆ ನಾಲ್ಕು ಸಲ ಬರುತ್ತದೆ. ಪುಸ್ತಕದ ಕೊನೆಯ ಹಾಳೆಯಲ್ಲಿ ಅಪ್ಪ ಇನ್ನೊಂದು ಲೆಕ್ಕ ಬರೆದಿದ್ದಾರೆ. ಚಾರ್ಲಿ ಸ್ಮರ್ಕ್ ಅನ್ನುವ ಜಾಕಿ ನಾಲ್ಕು ಡರ್ಬಿ ಗೆದ್ದ. 1934ರಲ್ಲಿ ವಿಂಡ್ಸರ್ ಲ್ಯಾಡ್, ರಾಜಪೀಪ್ಲಾ ಮಹಾರಾಜರದು. 1936ರಲ್ಲಿ ಮಹಮೂದ್, 1952ರಲ್ಲಿ ತುಲ್ಯಾರ್, ಎರಡೂ ಮೂರನೇ ಆಗಾ ಖಾನರದು. 1958ರಲ್ಲಿ ಹಾರ್ಡ್ ರಿಡನ್, ಸಸೂನರದು. ನಾಲ್ಕಕ್ಕೂ ಹಿಂದೂಸ್ತಾನದ ನಂಟಿದ್ದ ಮಾಲೀಕರೇ! ಅಪ್ಪ ಅದರ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಗೋಡೆ ಮೇಲೆ ಸಾಲಾಗಿ ಮಾಲೀಕರ ಬಣ್ಣದ ಅಂಗಿಗಳನ್ನು ನೋಡುವಾಗ ನನಗೆ ನೆನಪಾದದ್ದು ಆ ಎರಡು ಗೆರೆ.

ಇನ್ನೊಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಮ್ಯೂಸಿಯಂಗೆ ಬರುವ ಮೊದಲು, ಬೆಳಿಗ್ಗೆ ಬೇಗ ವಾರೆನ್ ಹಿಲ್‌ಗೆ, ಕುದುರೆಗಳು ತಾಲೀಮು ಮಾಡುವ ಬೆಟ್ಟಕ್ಕೆ, ಹೋಗಿ. ಅದೂ ಈ ಪ್ರವಾಸದ ಭಾಗ ಅಂತಲೇ ತಿಳಿಯಿರಿ. ಕುದುರೆಗಳು ಸಾಲುಸಾಲಾಗಿ ಬಂದು, ಎರಡೆರಡಾಗಿ ಏರು ಹತ್ತಿ ಓಡುತ್ತವೆ. ಮೊದಲು ಕಾಣುವುದು ಬಾಯಿಯ ಹಬೆ, ಆಮೇಲೆ ಉಸಿರಿನ ಸದ್ದು, ಆಮೇಲೆ ಗೊರಸು. ಊರಿನ ರಸ್ತೆಯಲ್ಲಿ ಕುದುರೆ ದಾಟುವಾಗ ಕಾರುಗಳು ಸುಮ್ಮನೆ ನಿಲ್ಲುತ್ತವೆ, ಯಾರೂ ಹಾರ್ನ್ ಹಾಕುವುದಿಲ್ಲ.

ಆ ಕಡೆಯೇ ವಾರೆನ್ ಪ್ಲೇಸ್ ಅನ್ನುವ ಲಾಯ. ಬರೋಡಾ ಮಹಾರಾಜರದಾಗಿತ್ತು ಅದು. ಸಯಾಜಿರಾವ್ ಅನ್ನುವ ಒಂದು ವರ್ಷದ ಮರಿಯನ್ನು ಅವರು 1945ರಲ್ಲಿ 28,000 ಗಿನಿಗೆ ಕೊಂಡರು. ಆ ಕಾಲಕ್ಕೆ ಅದು ದಾಖಲೆ ಬೆಲೆ. ಗಿನಿ ಅಂದರೆ 21 ಶಿಲ್ಲಿಂಗ್. ಅದೇ ಕುದುರೆ 1947ರಲ್ಲಿ ಸೇಂಟ್ ಲೆಜರ್ ಅನ್ನುವ ದೊಡ್ಡ ರೇಸ್ ಗೆದ್ದಿತು. ಮಹಾರಾಜರ ನಂತರ ಆ ಲಾಯ ಟ್ರೇನರ್ ನೋಯೆಲ್ ಮರ್ಲೆಸ್ ಕೈಗೆ ಬಂತು. ಸಸೂನರ ಡರ್ಬಿ ಕುದುರೆಗಳಾದ ಕ್ರೆಪೆಲ್ಲೊ, ಸೇಂಟ್ ಪ್ಯಾಡಿ ಎರಡೂ ಅಲ್ಲೇ ತಯಾರಾದವು. ಮರ್ಲೆಸ್ ನಂತರ ಅವರ ಅಳಿಯ ಹೆನ್ರಿ ಸೆಸಿಲ್. ಗುಲಾಬಿ ಗಿಡಗಳ ಮೇಲೆ ಪ್ರಾಣ ಇಟ್ಟುಕೊಂಡಿದ್ದ ಮನುಷ್ಯ. ಕ್ಯಾನ್ಸರ್ ಜೊತೆ ಹೋರಾಡುತ್ತಲೇ ಫ್ರಾಂಕೆಲ್ ಅನ್ನುವ ಕುದುರೆಯನ್ನು ಬೆಳೆಸಿದರು. 2010ರಿಂದ 2012ರವರೆಗೆ 14 ರೇಸು, 14ರಲ್ಲೂ ಗೆಲುವು. ಮರುವರ್ಷ, 2013ರಲ್ಲಿ, ಸೆಸಿಲ್ ತೀರಿಕೊಂಡರು. ಟ್ರೇನರ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಇವರ ಹೆಸರನ್ನೇ ಹೇಳುತ್ತೇನೆ.

ಮತ್ತೆ ಮ್ಯೂಸಿಯಂ ಒಳಗೆ ಬರೋಣ. ಅಲ್ಲಿ ಒಂದು ಯಂತ್ರದ ಕುದುರೆ ಇದೆ. ಹತ್ತಿ ಕೂತು ಜಾಕಿ ತರಹ ಓಡಿಸಬಹುದು. ಮಗ ದಿನಾ ಸೈಕಲ್ ತುಳಿಯುವವನು, ಹತ್ತಿದ. ಮೊಣಕಾಲು ಮಡಚಿ, ಬೆನ್ನು ಬಗ್ಗಿಸಿ, ಜೀನಿನ ಮೇಲೆ ಕೂರದೆ ನಿಲ್ಲಬೇಕು. ಸ್ವಲ್ಪ ಹೊತ್ತಿಗೇ "ಅಮ್ಮಾ, ತೊಡೆ ನಡುಗುತ್ತಿದೆ" ಅಂದ.

ಜಾಕಿ ಲೆಸ್ಟರ್ ಪಿಗ್ಗಟ್ ಇದೇ ಭಂಗಿಯಲ್ಲಿ ಬದುಕಿದವರು. ರಿಕಾಪನ್ನು, ಅಂದರೆ ಸವಾರ ಪಾದ ಇಡುವ ಬಳೆಯನ್ನು, ಅಷ್ಟು ಮೇಲಕ್ಕೆ ಕಟ್ಟಿ ಸವಾರಿ ಮಾಡುವವರು ಆಗ ಕಡಿಮೆ. ಮೊದಲ ಗೆಲುವು 12ನೇ ವಯಸ್ಸಿಗೆ. ಮೊದಲ ಡರ್ಬಿ 1954ರಲ್ಲಿ, 18ನೇ ವಯಸ್ಸಿಗೆ. ಒಟ್ಟು ಒಂಬತ್ತು ಡರ್ಬಿ. ಗಿನೀಸ್, ಓಕ್ಸ್, ಡರ್ಬಿ, ಸೇಂಟ್ ಲೆಜರ್ ಇವುಗಳನ್ನು ಕ್ಲಾಸಿಕ್ ರೇಸುಗಳು ಅನ್ನುತ್ತಾರೆ, ಎಲ್ಲ ಸೇರಿ ಅಂಥ 30 ಗೆಲುವು. ಕಿವಿ ಸರಿಯಾಗಿ ಕೇಳದ, ಮಾತು ಕಡಿಮೆಯ ಮನುಷ್ಯ. 1970ರ ಡರ್ಬಿ ನನಗೆ ಚೆನ್ನಾಗಿ ನೆನಪಿದೆ. ನಿಜಿನ್‌ಸ್ಕಿ, ಪಿಗ್ಗಟ್, ವಿನ್ಸೆಂಟ್ ಓಬ್ರಿಯನ್. ನನಗಾಗ 11 ವರ್ಷ. ಆ ಸಾಲನ್ನು ಅಪ್ಪ ನನ್ನ ಕೈಯಲ್ಲೇ ಬರೆಸಿದರು. ಆ ವರ್ಷ ನಿಜಿನ್‌ಸ್ಕಿ ಗಿನೀಸ್, ಡರ್ಬಿ, ಲೆಜರ್ ಮೂರನ್ನೂ ಗೆದ್ದಿತು. ಅವತ್ತಿನಿಂದ ಇವತ್ತಿನವರೆಗೆ ಯಾವ ಕುದುರೆಯೂ ಆ ಮೂರನ್ನು ಗೆದ್ದಿಲ್ಲ.

ತೆರಿಗೆ ವಿಷಯದಲ್ಲಿ ಪಿಗ್ಗಟ್ ಜೈಲಿಗೆ ಹೋದದ್ದೂ ನಿಜ. ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಆದರೆ 1990ರಲ್ಲಿ, 54ನೇ ವಯಸ್ಸಿನಲ್ಲಿ ಮತ್ತೆ ಕುದುರೆ ಹತ್ತಿ, 12 ದಿನಕ್ಕೇ ಅಮೆರಿಕದಲ್ಲಿ ಬ್ರೀಡರ್ಸ್ ಕಪ್ ಮೈಲ್ ಗೆದ್ದರು. ಆ ಕುದುರೆಯ ಟ್ರೇನರ್ ಕೂಡ ಓಬ್ರಿಯನ್ನೇ. ಆ ಯಂತ್ರದ ಕುದುರೆ ಪಕ್ಕ ನಿಂತು ಇದನ್ನು ನೆನೆಸಿಕೊಂಡರೆ ಅದರ ಬೆಲೆ ಗೊತ್ತಾಗುತ್ತದೆ.

ಪುಸ್ತಕದಲ್ಲಿ 1981ರ ಸಾಲು: ಶೆರ್ಗಾರ್, ವಾಲ್ಟರ್ ಸ್ವಿನ್‌ಬರ್ನ್, ಮೈಕಲ್ ಸ್ಟೌಟ್, ನಾಲ್ಕನೇ ಆಗಾ ಖಾನ್. ಜಾಕಿಗೆ 19 ವರ್ಷ, ಗೆಲುವು 10 ಲೆಂತ್, ಅಂದರೆ ಹತ್ತು ಕುದುರೆಯ ಉದ್ದದಷ್ಟು ಅಂತರ. ಉಳಿದ ಕುದುರೆಗಳನ್ನು ನೋಡಲು ದುರ್ಬೀನು ಬೇಕು ಅಂತ ರೇಡಿಯೊದಲ್ಲಿ ಪೀಟರ್ ಬ್ರಾಮ್ಲಿ ಕೂಗಿದ್ದಕ್ಕೆ ಅಪ್ಪ ಎದ್ದು ನಿಂತಿದ್ದರು. ಅದೇ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಆಮೇಲೆ ಬರೆದದ್ದು: "1983 ಫೆಬ್ರವರಿ. ಕದ್ದರು." ಐರ್ಲೆಂಡಿನ ಲಾಯದಿಂದ ಹೋದ ಆ ಕುದುರೆ ಮತ್ತೆ ಸಿಗಲೇ ಇಲ್ಲ.

ಹೆಂಗಸರ ಹೆಸರು ಅಪ್ಪನ ಜಾಕಿ ಕಾಲಂನಲ್ಲೂ ಇಲ್ಲ, ಟ್ರೇನರ್ ಕಾಲಂನಲ್ಲೂ ಇಲ್ಲ. 1966ರಲ್ಲಿ ಫ್ಲಾರೆನ್ಸ್ ನೇಗಲ್ ಅನ್ನುವ ಹೆಂಗಸು ಕೋರ್ಟಿಗೆ ಹೋಗುವವರೆಗೂ, ರೇಸಿನ ನಿಯಮ ನೋಡಿಕೊಳ್ಳುತ್ತಿದ್ದ ಜಾಕಿ ಕ್ಲಬ್ ಹೆಂಗಸರಿಗೆ ಟ್ರೇನರ್ ಲೈಸೆನ್ಸ್ ಕೊಡುತ್ತಿರಲಿಲ್ಲ. ಕುದುರೆ ತಯಾರು ಮಾಡುವುದು ಇವರು, ಕಾಗದದಲ್ಲಿ ಹೆಸರು ಇನ್ನೊಬ್ಬರದು. ನಮ್ಮ ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ, ಅಲ್ಲೇ ನಿಂತು ಈ ಕತೆ ಹೇಳಿ ಅನ್ನುತ್ತೇನೆ.

ಪ್ಯಾಲೇಸ್ ಹೌಸ್ ಒಳಗಿನ ಚಿತ್ರಗಳನ್ನು ನಾನು ಬೇಗ ನೋಡಿ ಮುಗಿಸಿದೆ. ಹದಿನೆಂಟನೇ ಶತಮಾನದ ಚಿತ್ರಕಾರ ಸ್ಟಬ್ಸ್ ಬಿಡಿಸಿದ ಕುದುರೆಗಳ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಂತೆ. ಚಿತ್ರಕಲೆ ಗೊತ್ತಿರುವವರಿಗೆ ಅಲ್ಲೇ ಅರ್ಧ ದಿನ ಬೇಕಾಗಬಹುದು. ನನ್ನ ಮನಸ್ಸೆಲ್ಲ ಹೊರಗಿನ ಲಾಯದ ಮೇಲೆ ಇತ್ತು. ರೇಸ್ ಮುಗಿಸಿದ ಕುದುರೆಗಳಿಗೆ ಬೇರೆ ಬದುಕು ಕಲಿಸುವ ಕೆಲಸ ಅಲ್ಲಿ ನಡೆಯುತ್ತದೆ. ಓಡುವುದೊಂದೇ ಗೊತ್ತಿದ್ದ ಕುದುರೆಗೆ ನಿಧಾನವಾಗಿ ನಡೆಯುವುದು, ತಾಳ್ಮೆಯಿಂದ ನಿಲ್ಲುವುದನ್ನು ಹೇಳಿಕೊಡುತ್ತಾರೆ. ಒಂದು ಕಂದು ಕುದುರೆ ಬಾಗಿಲ ಮೇಲಿಂದ ಕತ್ತು ಚಾಚಿ ನನ್ನ ಸೆರಗನ್ನು ಮೂಸಿತು. ಅದರ ಉಸಿರು ಬಿಸಿ, ಮೂತಿ ಮಾತ್ರ ಹತ್ತಿಯಷ್ಟು ಮೆತ್ತಗೆ.

ಅಲ್ಲಿ ಸ್ವಯಂಸೇವಕರಾಗಿದ್ದ ಒಬ್ಬ ವಯಸ್ಸಾದವರು ಮಾತಿಗೆ ಸಿಕ್ಕಿದರು. ಹದಿನಾರಕ್ಕೆ ಲಾಯಕ್ಕೆ ಸೇರಿದವರಂತೆ. ಕುದುರೆ ತಿಕ್ಕುವುದು, ಹುಲ್ಲು ಹಾಸುವುದು, ಬೆಳಗಿನ ಸವಾರಿ, ರೇಸ್ ದಿನ ಲಗಾಮು ಹಿಡಿದು ನಡೆಸಿಕೊಂಡು ಹೋಗುವುದು. ವಯಸ್ಸು ಎಷ್ಟಾದರೂ ಈ ಕೆಲಸದವರನ್ನು ಕರೆಯುವುದು 'ಲ್ಯಾಡ್', ಅಂದರೆ ಹುಡುಗ, ಅಂತಲೇ. ಅವರಿಗೆ ಅಪ್ಪನ ಪುಸ್ತಕ ತೋರಿಸಿದೆ. ಕನ್ನಡ ಬಾರದಿದ್ದರೂ ಇಸವಿ ನೋಡಿ, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಜಾಕಿ, ಟ್ರೇನರ್, ಮಾಲೀಕ ಮೂವರನ್ನೂ ತಪ್ಪಿಲ್ಲದೆ ಹೇಳಿದರು. ಆಮೇಲೆ ಮೆಲ್ಲಗೆ, "ಕುದುರೆ ನೋಡಿಕೊಂಡವರದು ಎಲ್ಲಿದೆ?" ಅಂತ ಕೇಳಿದರು.

ಹೋಗುವುದಾದರೆ ಇಡೀ ದಿನ ಬಿಡುವು ಮಾಡಿಕೊಳ್ಳಿ. ತೆರೆದಿರುವ ದಿನ, ಸಮಯ ಮೊದಲೇ ನೋಡಿಕೊಳ್ಳಿ. ಅಂಗಳದ ಕಲ್ಲುಹಾಸಿಗೆ ಗಟ್ಟಿ ಚಪ್ಪಲಿ ಬೇಕು. ಬೆಟ್ಟದ ಮೇಲೆ ಗಾಳಿ ಜಾಸ್ತಿ, ಸ್ವೆಟರ್ ಮರೆಯಬೇಡಿ. ರೇಸ್ ಬಗ್ಗೆ ಏನೂ ಗೊತ್ತಿಲ್ಲದವರೂ ಹೋಗಬಹುದು. ನನ್ನ ಮಗನಿಗೂ ಗೊತ್ತಿರಲಿಲ್ಲ, ವಾಪಸ್ ಬರುವಾಗ ರೈಲಿನಲ್ಲಿ ಪುಸ್ತಕ ಅವನ ಕೈಯಲ್ಲೇ ಇತ್ತು.

ಅಪ್ಪನ ಬರಹ 1983ಕ್ಕೆ ನಿಂತಿದೆ. ಟೀನೋಸೊ, ಪಿಗ್ಗಟ್‌ನ ಒಂಬತ್ತನೆಯದು. ಲಾಯದ ಬೆಂಚಿನ ಮೇಲೆ ಕೂತು, ಸ್ಕೇಲ್ ಇಲ್ಲದೆ, ನಾಲ್ಕನೇ ಕಾಲಂಗೆ ಗೆರೆ ಎಳೆದೆ. ಆ ಹಿರಿಯರ ಹೆಸರನ್ನು ಕೇಳಿ ಮೊದಲು ಅದನ್ನೇ ಬರೆದೆ.