ನೀರಿನ ಮ್ಯಾಲಿನ ಸ್ಲಾಲಮ್ ಸ್ಕೀ ತಗೊಳ್ಳೋರು ಮೊದ್ಲ ಬೂಟ್ ನೋಡ್ರಿ: ರೇಡಾರ್ ಸೆನೇಟ್ 67, ಮುಂದ ಬೂಟ್, ಹಿಂದ ಟೋ ಪ್ಲೇಟ್

ರೊಕ್ಕ ಎಲ್ಲಿ ಹಾಕ್ಬೇಕು ಅಂತ ಕೇಳೋರಿಗೆ ಮೊದ್ಲ ಹೇಳಿಬಿಡ್ತೀನಿ, ಸ್ಕೀ ಮಧ್ಯಮ ದರ್ಜೆದ್ದ ತಗೋರಿ, ಬೂಟ್ ಮಾತ್ರ ನಿಮ್ಮ ಪಾದಕ್ಕ ಸರಿ ಹೊಂದೂದ ತಗೋರಿ, ಇದ್ರಾಗ ಉಳಿತಾಯ ಮಾಡಾಕ ಹೋಗಬ್ಯಾಡ್ರಿ. ನಾವು ಹುಬ್ಬಳ್ಳಿ ಮಂದಿಗೆ ಇದನ್ನ ಅಂಗಡಿಗೆ ಹೋಗಿ ಕಾಲಿಗೆ ಹಾಕಿ ನೋಡಿ ತಗೊಳ್ಳೂ ಅವಕಾಶ ಇಲ್ಲ, ಹೊರಗಿಂದ ತರಿಸ್ಬೇಕು, ಕಸ್ಟಮ್ಸ್ ಕಟ್ಟಬೇಕು, ಬಂದ ಮ್ಯಾಲ ವಾಪಸ್ ಕಳಸೂದು ಅನ್ನೂ ಮಾತ ಇಲ್ಲ, ಅದಕ್ಕ ಸ್ವಲ್ಪ ಉದ್ದ ಬರದೀನಿ.

ಗೊತ್ತಿಲ್ಲದೋರಿಗೆ: ಸ್ಕೀ ಅಂದ್ರ ಬೋಟ್ ಹಗ್ಗದಿಂದ ಎಳದಾಗ ನೀರಿನ ಮ್ಯಾಲ ಜಾರೂ ಹಲಗಿ, ಸ್ಲಾಲಮ್ ಅಂದ್ರ ಅಂಥಾದ್ದು ಒಂದ ಸ್ಕೀ, ಎರಡೂ ಪಾದ ಅದರ ಮ್ಯಾಲ ಒಂದರ ಹಿಂದ ಒಂದು. ಸ್ಪರ್ಧಾದ ಕೋರ್ಸ್ 259 ಮೀಟರ್ ಉದ್ದ, ಬೋಟ್ ನಡುವ ನೆಟ್ಟಗ ಹೋಗ್ತೈತಿ, ಸ್ಕೀ ಮಾಡೋರು ನಡುಗೆರಿಯಿಂದ 11.5 ಮೀಟರ್ ಆಚೆ ಈಚೆ ಇರೂ ಆರು ಬೂಯಿ (ನೀರಾಗ ತೇಲೂ ಗುರುತಿನ ಗುಂಡು) ಸುತ್ತಿ ಬರಬೇಕು. ಗಂಡಸರ ಗರಿಷ್ಠ ವೇಗ ತಾಸಿಗೆ 58 ಕಿಲೋಮೀಟರ್, ಹೆಂಗಸರದು 55. ಆರೂ ಬೂಯಿ ದಾಟಿದ್ರ ಹಗ್ಗ ಗಿಡ್ಡ ಮಾಡ್ಕೋತ ಹೋಗ್ತಾರ, 18.25 ಮೀಟರಿಂದ 16, 14.25, 13, 12 ಹಿಂಗ. ಉಣಕಲ್ ಕೆರಿಯಾಗ ಇದನ್ನ ಮಾಡಬಹುದಾ ಅಂತ ಇಬ್ರು ಮೂವರು ಕೇಳ್ಯಾರ, ಇಲ್ರಿ, ಅದು ಮಂದಿ ಮಕ್ಕಳು ಅಡ್ಡಾಡೂ ಜಾಗ, ಸಾವಕಾಶ ಹೋಗೂ ಬೋಟಿನ ನೀರು. ನಾವು ಹೋಗೂದು ಕಾರವಾರ ಕಡೆ, ಅಲ್ಲಿ ದೋಸ್ತನ ಬೋಟ್ ಐತಿ, ಯಲ್ಲಾಪುರ, ಅರಬೈಲ್ ಘಾಟ್ ಇಳಿದು ಅಂಕೋಲಾ ಮ್ಯಾಲಿಂದ. ಕೋರ್ಸ್ ಇಲ್ಲ, ಸುಮ್ನ ಅಗಲ ನೀರಾಗ ಎಡಕ್ಕ ಬಲಕ್ಕ ಕೊಯ್ಕೋತ ಹೋಗೂದು, ಅದಕ್ಕ ಬೇಕಾಗೂ ಸ್ಕೀನ ಬ್ಯಾರೆ.

ಸ್ಕೀ ಆರಿಸೂದು ಎರಡ ಲೆಕ್ಕದ ಮ್ಯಾಲ, ನಿಮ್ಮ ತೂಕ ಮತ್ತ ಬೋಟಿನ ವೇಗ. ಎತ್ತರ ಅಲ್ಲ, ಎತ್ತರ ನೋಡಿ ಆರಿಸೋರು ಭಾಳ ಮಂದಿ ಅದಾರ. ವೇಗ ಕಡಿಮಿ ಇದ್ದಷ್ಟು ನಿಮ್ಮನ್ನ ಮ್ಯಾಲೆ ಹಿಡಿಯಾಕ ಸ್ಕೀ ದೊಡ್ಡದಿರಬೇಕು, ಉದ್ದ ಆಗಲಿ ಅಗಲ ಆಗಲಿ. ನಂದು 80 ಕಿಲೋ ಆಸುಪಾಸು, ಬೋಟ್ ಓಡಿಸೂದು ತಾಸಿಗೆ 48 ರಿಂದ 51 ಕಿಲೋಮೀಟರ್ ನಡುವ, ಅದಕ್ಕ 67 ಇಂಚು, ಅಂದ್ರ 170 ಸೆಂಟಿಮೀಟರ್. ನಂದು ರೇಡಾರ್ ಕಂಪನಿ ಸೆನೇಟ್, ಅದು ನಡು ಅಗಲದ ಸ್ಕೀ, 42 ರಿಂದ 55ರ ವೇಗದೊಳಗ ಓಡಿಸಾಕ ಮಾಡಿದ್ದು. ಎಚ್‌ಓ ಕಂಪನಿ ಓಮ್ನಿ, ಕಾನಲಿ ಕಾನ್ಸೆಪ್ಟ್ ಇವೂ ಇದ ಜಾತಿಯೊಳಗ ಬರ್ತಾವ, ನೋಡಬಹುದು. ಪೂರ್ತಿ ಕೋರ್ಸ್‌ನ ಕಿರಿದಾದ ಸ್ಕೀ ತಗೊಂಡ್ರ ನಮ್ಮ ವೇಗಕ್ಕ ಅದು ನೀರಾಗ ಮುಳುಗಿ ಎಳೀತೈತಿ, ಎದ್ದ ನಿಲ್ಲೂದರೊಳಗ ಕೈ ಸೋಲ್ತಾವ. ಅಗಲದ್ದು ಒಂದು ಅಂಚಿನಿಂದ ಇನ್ನೊಂದಕ್ಕ ಹೊರಳೂದು ಸಾವಕಾಶ, ಅದು ಖರೆ, ಆದ್ರ ನಮ್ಮಂಥೋರಿಗೆ ಅದರಿಂದ ತೊಂದ್ರಿ ಇಲ್ಲ. ಒಳಗಿನ ಕೋರ್ ಪಿಯು ಫೋಮ್ ಇದ್ರ ಸ್ವಲ್ಪ ಭಾರ ಮತ್ತ ಸೋವಿ, ಪಿವಿಸಿ ಫೋಮ್ ಮ್ಯಾಲ ಕಾರ್ಬನ್ ಇದ್ರ ಹಗುರ ಮತ್ತ ತುಟ್ಟಿ, ಆ ಹೆಚ್ಚಿನ ರೊಕ್ಕ ಬೂಟಿಗೆ ಹಾಕ್ರಿ ಅಂತ ನನ್ನ ಮಾತು.

ಈಗ ಬೂಟ್. 1922ರಾಗ ಮಿನ್ನೆಸೋಟಾದ ಪೆಪಿನ್ ಕೆರಿ ಮ್ಯಾಲ ರಾಲ್ಫ್ ಸ್ಯಾಮುಯೆಲ್ಸನ್ ಅನ್ನೂ ಹುಡುಗ ಮೊದ್ಲ ಸ್ಕೀ ಮಾಡಿದಾಗ ಪೈನ್ ಹಲಗಿಗೆ ಚರ್ಮದ ಪಟ್ಟಿ ಹೊಡಕೊಂಡಿದ್ದ, ಅಂದಿನಿಂದ ಇವತ್ತಿನ ತನಕ ಪಾದ ಮತ್ತ ಹಲಗಿ ನಡುವಿನ ಜಾಗಾನ ಎಲ್ಲಾ ಆಟ ನಡಸೂದು. ನೀವು ಹಿಮ್ಮಡಿ ಒತ್ತಿದಾಗ ಸ್ಕೀ ಆ ಕ್ಷಣಕ್ಕ ಹೊರಳಬೇಕು, ಬೂಟಿನೊಳಗ ಹಿಮ್ಮಡಿ ಅರ್ಧ ಇಂಚು ಎದ್ರೂ ಆ ಒತ್ತು ಸ್ಕೀ ತನಕ ಮುಟ್ಟೂದಿಲ್ಲ, ಎಷ್ಟ ತುಟ್ಟಿ ಕಾರ್ಬನ್ ಇದ್ರೂ ಅಷ್ಟ. ಬಿಗಿ ಭಾಳ ಆದ್ರ ಬಿದ್ದಾಗ ಕಾಲು ಹೊರಗ ಬರೂದಿಲ್ಲ, ಕಣಕಾಲು ತಿರುಗ್ತೈತಿ. ಲೇಸ್ ಇರೂ ಬೂಟ್ ತಗೋರಿ, ಮ್ಯಾಲಿಂದು ಕೆಳಗಿಂದು ಬ್ಯಾರೆ ಬ್ಯಾರೆ ಬಿಗೀ ಮಾಡಾಕ ಬರೂವಂಥದ್ದು, ಪಾದದ ಮ್ಯಾಲ ಬಿಗಿ, ಕಣಕಾಲ ಹತ್ರ ಒಂಚೂರು ಸಡ್ಲ. ಹಾಕೋವಾಗ ಒಣ ಕಾಲು ತುರುಕಬ್ಯಾಡ್ರಿ, ನೀರಾಗ ಸ್ವಲ್ಪ ಲಿಕ್ವಿಡ್ ಸೋಪ್ ಕಲಸಿ ಬೂಟಿನೊಳಗ ಹಾಕ್ರಿ, ಬಳಿಗಾರರು ಕೈಗೆ ಸಾಬಾನು ಹಚ್ಚಿ ಬಳಿ ಏರಿಸಿದಂಗ ಸರಕ್ ಅಂತ ಹೋಗ್ತೈತಿ, ಇಲ್ಲಾಂದ್ರ ಲೈನರ್ (ಬೂಟಿನ ಒಳಪದರ) ಹರೀತೈತಿ. ಸೈಜ್ ನೋಡೋವಾಗ ಎಚ್ಚರ ಇರ್ಲಿ, ಅವ್ರು ಕೊಡೂದು ಅಮೆರಿಕಾ ನಂಬರು, ನಮ್ಮ ಬೂಟಿನ ಮ್ಯಾಲ ಇರೂದು ಯುಕೆ ನಂಬರು, ಪಾದ ಸೆಂಟಿಮೀಟರಿನ್ಯಾಗ ಅಳದು ಚಾರ್ಟ್ ನೋಡ್ರಿ.

ಹಿಂದಿನ ಕಾಲಿಗೆ ಟೋ ಪ್ಲೇಟ್ (ಹಿಮ್ಮಡಿ ಬಿಟ್ಟು ಪಾದದ ಮುಂಭಾಗ ಅಷ್ಟ ಹಿಡಿಯೂ ಪಟ್ಟಿ ಇರೂ ಪ್ಲೇಟ್) ಯಾಕಂದ್ರ, ಆಳ ನೀರಿನಿಂದ ಏಳೋವಾಗ ಹಿಂದಿನ ಕಾಲು ಹೊರಗ ಬಿಟ್ಟು ಬ್ಯಾಲೆನ್ಸ್ ಹಿಡದು, ಎದ್ದ ಮ್ಯಾಲ ಒಳಗ ಸರಿಸಬಹುದು. ಬಿದ್ದಾಗೂ ಆ ಕಾಲು ತಾನ ಬರ್ತೈತಿ. ಎರಡೂ ಕಡೆ ಬೂಟ್ ಇದ್ರ ಹಿಡಿತ ಛಲೋ, ಆದ್ರ ಒಂದ ಕಾಲು ಬಿಟ್ಟು ಇನ್ನೊಂದು ಉಳೀತಂದ್ರ ಅಪಾಯ ದೊಡ್ಡದು, ಎರಡೂ ಕೂಡೇ ಬಿಡಬೇಕು ಇಲ್ಲಾ ಎರಡೂ ಉಳೀಬೇಕು. ಕಲಿಯೋರಿಗೆ ನಾ ಡಬಲ್ ಬೂಟ್ ಹೇಳೂದಿಲ್ಲ. ಯಾವ ಕಾಲು ಮುಂದ ಅನ್ನೂದು ಬಲಗೈ ಎಡಗೈ ಮ್ಯಾಲ ಹೋಗೂದಿಲ್ಲ, ಎರಡು ಸ್ಕೀ ಹಾಕ್ಕೊಂಡು ಹೋಗ್ಕೋತ ಒಂದೊಂದು ಕಾಲು ಎತ್ತಿ ನೋಡ್ರಿ, ಯಾವ ಕಾಲಿನ ಮ್ಯಾಲ ನಿಂತಾಗ ಗಟ್ಟಿ ಅನಿಸ್ತೈತೋ ಅದು ಮುಂದ.

ಜೋಡಿಸೂ ಕೆಲಸ ಮನ್ಯಾಗ ಆಗ್ತೈತಿ. ಜತೀಗೆ ಬಂದ ಸ್ಕ್ರೂನ ಹಾಕ್ರಿ, ಹಾರ್ಡ್‌ವೇರ್ ಅಂಗಡ್ಯಾಗ ಸಿಗೂ ಉದ್ದನ ಸ್ಕ್ರೂ ಹಾಕಿದ್ರ ಇನ್ಸರ್ಟ್ (ಸ್ಕೀಯೊಳಗ ಸ್ಕ್ರೂ ಕೂಡೂ ತೂತು) ತಳಕ್ಕ ಬಡಿದು ಸ್ಕೀ ಹಾಳು. ಡ್ರಿಲ್ ಮಷಿನ್ ಬ್ಯಾಡ, ಕೈ ಸ್ಕ್ರೂಡ್ರೈವರ್, ಎಲ್ಲಾ ಸ್ಕ್ರೂ ಅರ್ಧ ಅರ್ಧ ಕುಂದ್ರಿಸಿ ಆಮ್ಯಾಲ ಬಿಗಿ ಮಾಡ್ರಿ. ಬೂಟ್ ನಡುವಿನ ತೂತಿಗೆ ಇಟ್ಟು ಸುರು ಮಾಡ್ರಿ, ಸ್ಕೀ ಬಾಲದಿಂದ ಮುಂದಿನ ಬೂಟಿನ ಹಿಮ್ಮಡಿ ತನಕ ಟೇಪ್ ಹಿಡದು ಅಳದು ಬರದು ಇಡ್ರಿ, 67ರ ಸ್ಕೀಗೆ ಅದು 29 ರಿಂದ 30 ಇಂಚಿನ ಆಸುಪಾಸು ಬರ್ತೈತಿ. ಬೂಟ್ ಮುಂದ ಸರಿಸಿದ್ರ ಸ್ಕೀ ಮೂಗು ನೀರಾಗ ಹೆಚ್ಚು ಇಳಿದು ತಿರುವು ಚೂಪಾಗ್ತೈತಿ, ಆದ್ರ ಎಳತ ಜಾಸ್ತಿ, ಹಿಂದ ಸರಿಸಿದ್ರ ಓಟ ಹೆಚ್ಚು, ತಿರುವು ಉದ್ದ. ಒಂದ ಸಲಕ್ಕ ಒಂದ ತೂತು, ಅದರ ಜತಿ ಬ್ಯಾರೆ ಏನೂ ಬದಲಿ ಮಾಡಬ್ಯಾಡ್ರಿ, ಮಾಡಿದ್ರ ಯಾವುದರಿಂದ ಏನಾತು ಅಂತ ಗೊತ್ತ ಆಗೂದಿಲ್ಲ. ಟೋ ಪ್ಲೇಟ್ ಮುಂದಿನ ಬೂಟಿಗೆ ಹತ್ರ ಇಡ್ರಿ, ಪಾದಗಳ ನಡುವ ದೂರ ಜಾಸ್ತಿ ಆದ್ರ ತೂಕ ಹಿಂದ ಬೀಳ್ತೈತಿ.

ಫಿನ್ ಅಂದ್ರ ಬಾಲದ ಕೆಳಗಿನ ರೆಕ್ಕಿ. ಕಂಪನಿಯೋರು ಕೂರಿಸಿ ಕಳಿಸಿದ ಲೆಕ್ಕ ಬಿಟ್ಟು ಸರಿಸಬ್ಯಾಡ್ರಿ, ಆದ್ರ ಅಳದು ಇಟ್ಕೋರಿ, ಉದ್ದ, ಆಳ, ಬಾಲದಿಂದ ದೂರ. ಆಳ ಎರಡೂವರಿ ಇಂಚಿನ ಆಜುಬಾಜು ಇರ್ತೈತಿ, ಆದ್ರ 0.01 ಇಂಚು, ಅಂದ್ರ ಕಾಲು ಮಿಲಿಮೀಟರ್ ಸರಿದ್ರೂ ಕಾಲಿಗೆ ಗೊತ್ತಾಗ್ತೈತಿ, ಟೇಪಿನ ಕೆಲಸ ಅಲ್ಲ. ಇದಕ್ಕ ತುದಿಗೆ ಸೀಳು ಇರೂ ವರ್ನಿಯರ್ (ಸೂಕ್ಷ್ಮ ಅಳತಿ ತಗಿಯೂ ಉಪಕರಣ) ಬೇಕು, ಫಿನ್ ಆ ಸೀಳಿನೊಳಗ ಕುಂದ್ರಬೇಕು. ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್‌ದಾಗ ಒಂದು ಸಣ್ಣ ವರ್ಕ್‌ಶಾಪಿನೋರು ಸಾದಾ ವರ್ನಿಯರ್ ತಗೊಂಡು ಅಷ್ಟ ಚೊಕ್ಕ ಸೀಳು ಹಾಕಿ ಕೊಟ್ರು, "ಇದು ಏನ್ ಅಳಿಯಾಕ್ರಿ ಸರ" ಅಂತ ಕೇಳಿ, ಹೇಳಿದ ಮ್ಯಾಲ ಸ್ಕೀ ತಂದ್ ತೋರಸ್ರಿ ಅಂದ್ರು, ತೋರಿಸಿದ್ರ ಪ್ಲೇಟಿನ ಅಂಚು ಬೂಟಿಗೆ ಹತ್ತಬಾರದು ಅಂತ ತಾವ ಅರಾ ಹೊಡದು ನುಣ್ಣಗ ಮಾಡಿ ಕೊಟ್ರು. ಐದಕ್ಕ ಐದು ಸ್ಟಾರ್ ಅವ್ರಿಗೆ.

ನೀರಾಗ ಹೆಂಗ ಅಂದ್ರ, ಸೆನೇಟ್ ಏಳೂದು ಹಗುರ, ಬೋಟಿನ ಅಲೆ ದಾಟೋವಾಗ ನಡಗೂದಿಲ್ಲ, ತಿರುವಿನ ಕೊನೀಗೆ ವೇಗ ಸಾಯೂದಿಲ್ಲ. 48ರ ಕೆಳಗ ಇಳಿಸಿದ್ರೂ ಮುಳುಗಲಿಲ್ಲ. ಕಿರಿದಾದ ಸ್ಕೀ ಓಡಿಸಿ ರೂಢಿ ಇರೋರಿಗೆ ಇದು ಸ್ವಲ್ಪ ಸಾವಕಾಶ ಅನಿಸ್ತೈತಿ, ಸ್ಕೀ ಮ್ಯಾಲ ನಿಂತು ಆರಾಮ ಕೊಯ್ಯೂದು ಕಲಿಯೋರಿಗೆ ಇದಕ್ಕಿಂತ ಛಲೋದು ನಾ ಓಡಿಸಿಲ್ಲ.

ಉಪ್ಪು ನೀರಿನಿಂದ ಬಂದ ಕೂಡ್ಲೆ ಸಿಹಿ ನೀರಾಗ ಬೂಟ್, ಪ್ಲೇಟ್, ಫಿನ್ ಎಲ್ಲಾ ತೊಳೀರಿ, ಅಲ್ಯೂಮಿನಿಯಂ ಪ್ಲೇಟಿನೊಳಗ ಸ್ಕ್ರೂ ಹಿಡಕೊಂಡು ಬಿಡ್ತಾವ, ಮುಂದಿನ ಸಲ ಬಿಚ್ಚಾಕ ಬರೂದಿಲ್ಲ. ಬೂಟ್ ಬಿಸಿಲಿಗೆ ಇಡಬ್ಯಾಡ್ರಿ, ನೆರಳಾಗ ಒಣಗಸ್ರಿ. ಹೊರಡೂ ಮುಂಚೆ ಎಲ್ಲಾ ಸ್ಕ್ರೂ ಒಂದ ಸಲ ಕೈಲೆ ತಿರುವಿ ನೋಡ್ರಿ. ಲೈಫ್ ಜಾಕೆಟ್ ಮತ್ತ ಬೋಟಿನ್ಯಾಗ ಹಿಂದಕ್ಕ ನೋಡ್ಕೋತ ಕುಂದ್ರೂ ಇನ್ನೊಬ್ಬ ಮನಷ್ಯಾ, ಇವೆರಡು ಇಲ್ಲದ ಹಗ್ಗ ಹಿಡಿಯಬ್ಯಾಡ್ರಿ.