ಅವಳಿ ಭ್ರೂಣದ ಮಾದರಿ ಸೆಟ್: ಒಡೆಯುವುದನ್ನು ಚೆನ್ನಾಗಿ ತೋರಿಸುತ್ತದೆ, ಮಾಸಿನ ವಿಷಯದಲ್ಲಿ ಎಡವುತ್ತದೆ

ಮುಂಬಯಿಯ ಪ್ರಿನ್ಸೆಸ್ ಸ್ಟ್ರೀಟ್ ಕಡೆ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ ಅವಳಿ ಭ್ರೂಣದ ಬೆಳವಣಿಗೆ ತೋರಿಸುವ ಸಿಲಿಕೋನ್ ಮಾದರಿ ಸೆಟ್ ಸಿಗುತ್ತಿದೆ. ಪೆಟ್ಟಿಗೆಯಲ್ಲಿ 14 ತುಂಡು, ಒಂದು ಮರದ ಹಲಗೆ, ಇಂಗ್ಲಿಷ್-ಮರಾಠಿಯಲ್ಲಿ ಒಂದು ವಿವರಣೆ ಹಾಳೆ. ಇಲ್ಲಿನ ಕನ್ನಡ ಶಾಲೆಗಳಿಗೆ, ಕನ್ನಡ ಸಂಘಗಳು ನಡೆಸುವ ಗರ್ಭಿಣಿಯರ ಶಿಬಿರಗಳಿಗೆ ಇದನ್ನು ಕೊಳ್ಳಬಹುದೇ ಎಂದರೆ, ಖಂಡಿತ ಕೊಳ್ಳಬಹುದು. ಆದರೆ ಎರಡು ಕಡೆ ಕೈಯಾರೆ ತಿದ್ದಿಕೊಂಡೇ ಬಳಸಬೇಕು.

ಮೊದಲು ಮೆಚ್ಚಬೇಕಾದ್ದು. ಅಂಗೈ ತುಂಬುವ ಪಾರದರ್ಶಕ ಗೋಲವೊಂದು ಕುಂಕುಮದ ಭರಣಿಯಂತೆ ಎರಡು ಹೋಳಾಗಿ ತೆರೆದುಕೊಳ್ಳುತ್ತದೆ. ಅಂಡದ ಹೊರಗವಚ ಝೋನಾ ಅಂದರೆ ಇದೇ. ಎರಡು ಕೋಶ, ನಾಲ್ಕು ಕೋಶ, ಎಂಟು ಕೋಶದ ತುಂಡುಗಳು, ಆಮೇಲೆ ಹಿಪ್ಪುನೇರಳೆ ಹಣ್ಣಿನಂಥ ಗೊಂಚಲು, ಎಲ್ಲವೂ ಇದೇ ಒಂದು ಗೋಲದೊಳಗೆ ಕೂರುತ್ತವೆ. ಗೋಡೆಯ ಚಾರ್ಟುಗಳಲ್ಲಿ ಹಂತ ಹಂತಕ್ಕೂ ಭ್ರೂಣ ದಪ್ಪವಾಗುತ್ತಾ ಹೋಗುತ್ತದೆ. ಅದು ತಪ್ಪು. ಸುಮಾರು 0.1 ಮಿಲಿಮೀಟರ್ ಅಗಲದ ಅಂಡ ಫಲಿತವಾದ ಮೊದಲ ನಾಲ್ಕು ದಿನ ಬೆಳೆಯುವುದಿಲ್ಲ, ಇದ್ದಷ್ಟರಲ್ಲೇ ಸಣ್ಣ ಸಣ್ಣ ಕೋಶಗಳಾಗಿ ಒಡೆಯುತ್ತದೆ. ಇದನ್ನು ಮಾತಿಲ್ಲದೆ ಕೈಗೇ ತಿಳಿಸುವ ಮಾದರಿ ಅಪರೂಪ.

ಕೊಟ್ಟ ದುಡ್ಡು ಸಾರ್ಥಕವಾಗುವುದು ಐದನೇ ದಿನದ ತುಂಡಿನಲ್ಲಿ. ಹೊರಗೆ ನೀಲಿ ಪದರ, ಒಳಗೆ ಟೊಳ್ಳು, ಒಂದು ಮೂಲೆಗೆ ಅಂಟಿದ ಕೆಂಪು ಉಂಡೆ. ನೀಲಿ ಪದರದಿಂದ ಮಾಸು (ಜರಾಯು), ಕೆಂಪು ಉಂಡೆಯಿಂದ ಮಗು. ಉಂಡೆಯೊಳಗೆ ಅಯಸ್ಕಾಂತವಿದೆ, ಎಳೆದರೆ ಎರಡಾಗುತ್ತದೆ. ಅವಳಿಗಳ ಗುಟ್ಟೆಲ್ಲ ಇಲ್ಲೇ ಇದೆ: ನೀಲಿ ಪದರ ಮೂಡುವ ಮೊದಲೇ, ಅಂದರೆ ಮೂರು ದಿನದೊಳಗೆ ಒಡೆದರೆ ಎರಡು ಮಾಸು, ಎರಡು ನೀರಿನ ಚೀಲ. ನಾಲ್ಕರಿಂದ ಎಂಟು ದಿನದ ನಡುವೆ ಉಂಡೆ ಮಾತ್ರ ಒಡೆದರೆ ಮಾಸು ಒಂದೇ, ನೀರಿನ ಚೀಲ ಎರಡು. ಎಂಟು ದಿನ ದಾಟಿದರೆ ಚೀಲವೂ ಒಂದೇ. ಹದಿಮೂರು ದಿನ ದಾಟಿದ ಮೇಲೆ ಪೂರ್ತಿ ಬೇರೆಯಾಗದೆ ಸಯಾಮಿ ಅವಳಿ.

ಹಾಳೆಯಲ್ಲಿ ಈ ದಿನಗಳನ್ನು ಪಂಚಾಂಗದ ಮುಹೂರ್ತದ ಹಾಗೆ ಅಚ್ಚುಹಾಕಿದ್ದಾರೆ. ಗರ್ಭದೊಳಗೆ ಭ್ರೂಣ ಒಡೆಯುವುದನ್ನು ಯಾರೂ ಕಂಡಿಲ್ಲ. ಮಾಸು-ಪೊರೆಗಳನ್ನು ನೋಡಿ ಹಿಂದಕ್ಕೆ ಲೆಕ್ಕ ಹಾಕಿದ ದಿನಗಳಿವು, ಪಾಠ ಹೇಳುವವರು ಇದನ್ನು ಹೇಳಲೇಬೇಕು. 1986ರ ಆಗಸ್ಟ್ 6ರಂದು ಕೆಇಎಂ ಆಸ್ಪತ್ರೆಯಲ್ಲಿ ಪ್ರನಾಳ ಶಿಶು (ಟೆಸ್ಟ್ ಟ್ಯೂಬ್ ಬೇಬಿ) ಹುಟ್ಟಿದ ಊರು ಇದು. "ಒಂದೇ ಭ್ರೂಣ ಇಟ್ಟಿದ್ದರು, ಅವಳಿ ಹೇಗಾಯಿತು?" ಎಂದು ಕೇಳುವ ದಂಪತಿಗಳು ಇಲ್ಲಿದ್ದಾರೆ. ಐದನೇ ದಿನದ ತುಂಡನ್ನು ಅವರ ಕೈಗೆ ಕೊಟ್ಟರೆ ಸಾಕು.

ಇನ್ನು ತಪ್ಪುಗಳು. "ಎರಡು ಮಾಸು ಇದ್ದರೆ ಎರಡು ಅಂಡದ ಅವಳಿ" ಎಂದು ಹಾಳೆ ಹೇಳುತ್ತದೆ. ಇದು ಶುದ್ಧ ತಪ್ಪು, ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿ. ಒಂದೇ ಅಂಡದಿಂದಾದ ಅವಳಿಗಳಲ್ಲೂ ಸುಮಾರು ಮೂರನೇ ಒಂದು ಪಾಲಿಗೆ ಎರಡು ಮಾಸು ಇರುತ್ತದೆ. ಅಕ್ಕಪಕ್ಕ ಬೆಳೆದ ಎರಡು ಮಾಸು ಕೂಡಿಕೊಂಡು ಒಂದರಂತೆ ಕಾಣುವುದೂ ಉಂಟು. ಎರಡು ಮಾಸಿದ್ದು, ಎರಡೂ ಗಂಡು ಅಥವಾ ಎರಡೂ ಹೆಣ್ಣಾದರೆ ಡಿಎನ್‌ಎ ಪರೀಕ್ಷೆಯೇ ತೀರ್ಮಾನ ಹೇಳಬೇಕು.

ಇದಕ್ಕಿಂತ ದೊಡ್ಡ ಕೊರತೆ ಹಂಚಿಕೊಂಡ ಮಾಸಿನದು. ಬರೀ ಕೆಂಪು ಬಿಲ್ಲೆ, ಅದರ ಮೇಲೆ ಎರಡು ಹೊಕ್ಕುಳಬಳ್ಳಿ. ನಡುವೆ ರಕ್ತನಾಳಗಳೇ ಇಲ್ಲ! ತಾಯಿಗೆ ಮುಖ್ಯವಾಗಿ ತಿಳಿಯಬೇಕಾದ್ದೇ ಅದು. ಒಂದೇ ಮಾಸಿನ ಅವಳಿಗಳ ನಡುವೆ ನಾಳಗಳು ಸೇರಿಕೊಂಡಿರುತ್ತವೆ. ಹರಿವು ಏರುಪೇರಾದರೆ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹೋಗುತ್ತದೆ: ಒಂದರ ಚೀಲದಲ್ಲಿ ನೀರು ಬತ್ತುತ್ತದೆ, ಇನ್ನೊಂದರದು ಉಬ್ಬುತ್ತದೆ. ಒಂದು ಮಾಸು, ಎರಡು ಚೀಲದ 100 ಬಸಿರಿನಲ್ಲಿ 10ರಿಂದ 15ರಲ್ಲಿ ಹೀಗಾಗುತ್ತದೆ. 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ ಅನ್ನುವುದು ಅದಕ್ಕೇ. ದಪ್ಪ ಸೂಜಿಯಲ್ಲಿ ಕೆಂಪು, ನೀಲಿ ಉಲ್ಲನ್ ದಾರ ಪೋಣಿಸಿ ಒಂದು ಬಳ್ಳಿಯ ಬುಡದಿಂದ ಇನ್ನೊಂದರ ಬುಡಕ್ಕೆ ನಾಲ್ಕೈದು ಹೊಲಿಗೆ ಹಾಕಿ. ಹತ್ತು ನಿಮಿಷದ ಕೆಲಸ, ಮಾದರಿಗೆ ಜೀವ ಬರುತ್ತದೆ.

ಚೀಲಗಳ ನಡುವಿನ ಪೊರೆಯನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಮಾಡಿ ಗೋಂದಿನಿಂದ ಅಂಟಿಸಿದ್ದಾರೆ. ಮುಂಬಯಿ ಮಳೆಗಾಲದ ತೇವಕ್ಕೆ ಅದು ಜುಲೈ ಹೊತ್ತಿಗೇ ಬಿಟ್ಟುಕೊಳ್ಳುತ್ತದೆ. ಬಿಟ್ಟರೆ ಒಳ್ಳೆಯದೇ. ಒಹೆಚ್‌ಪಿ ಹಾಳೆ (ಪ್ರೊಜೆಕ್ಟರಿನ ಪಾರದರ್ಶಕ ಹಾಳೆ) ಕತ್ತರಿಸಿ ಎರಡು ಪೊರೆ ಮಾಡಿಕೊಳ್ಳಿ. ಒಂದನ್ನು ಮಾಸಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅದು ಸ್ಕ್ಯಾನಿನಲ್ಲಿ ಕಾಣುವ 'ಟಿ' ಗುರುತು, ಮಾಸು ಒಂದೇ ಎಂದರ್ಥ. ಇನ್ನೊಂದರ ಬುಡಕ್ಕೆ ಎರಡೂ ಬದಿ ಜೇಡಿಮಣ್ಣು ಮೆತ್ತಿ ತ್ರಿಕೋನ ಮಾಡಿ, ಅದು 'ಲ್ಯಾಂಬ್ಡಾ' (ಗ್ರೀಕ್ ಅಕ್ಷರ λ) ಗುರುತು, ಮಾಸು ಎರಡು. ಇವು ಸ್ಪಷ್ಟವಾಗಿ ಕಾಣುವುದು 11ರಿಂದ 14ನೇ ವಾರದೊಳಗೆ. ತಿಂಗಳು ತುಂಬುತ್ತಾ ಬಂದ ಮೇಲೆ ಸ್ಕ್ಯಾನಿಗೆ ಹೋದರೆ ಗುರುತು ಮಸುಕಾಗಿರುತ್ತದೆ. ಪೊರೆಯನ್ನು ಪೂರ್ತಿ ತೆಗೆದುಬಿಟ್ಟರೆ ಒಂದೇ ಚೀಲದ ಅವಳಿ ಸಿದ್ಧ, ಎರಡು ಬಳ್ಳಿ ಹೇಗೆ ಸುತ್ತಿಕೊಳ್ಳುತ್ತವೆ ಎಂಬುದನ್ನೂ ತೋರಿಸಬಹುದು.

ಸಯಾಮಿ ಅವಳಿಯ ತುಂಡು ಕಾಲೇಜು ತರಗತಿಗೆ ಇರಲಿ. ಗರ್ಭಿಣಿಯರ ಮುಂದೆ ಹಲಗೆಯ ಮೇಲಿಡಬೇಡಿ, ವಿನಾಕಾರಣ ಹೆದರಿಸಿದಂತಾಗುತ್ತದೆ.

ಅಯಸ್ಕಾಂತಗಳಿಗೆ ತುಕ್ಕು ಹಿಡಿಯುತ್ತದೆ, ತಂದ ದಿನವೇ ಬಣ್ಣವಿಲ್ಲದ ನೈಲ್ ಪಾಲಿಶ್ ಎರಡು ಕೋಟ್ ಬಳಿಯಿರಿ. ಸಿಲಿಕೋನ್ ತುಂಡುಗಳು ಒಂದಕ್ಕೊಂದು ಅಂಟದಿರಲು ಟಾಲ್ಕಂ ಪೌಡರ್ ಸವರಿ ಬೇರೆ ಬೇರೆ ಕವರಿನಲ್ಲಿಡಿ. ಕೊಳ್ಳುವಾಗ ಐದನೇ ದಿನದ ಉಂಡೆಯನ್ನು ಅಂಗಡಿಯಲ್ಲೇ ಎಳೆದು ನೋಡಿ: ಸಡಿಲವಾಗಿದ್ದರೆ ಬೇರೆ ಪೆಟ್ಟಿಗೆ ಕೇಳಿ. ಹೆಸರುಚೀಟಿಗಳನ್ನು ಕನ್ನಡದಲ್ಲಿ ನೀವೇ ಬರೆದು ಅಂಟಿಸಬೇಕು. ತರಗತಿಗೆ 'ಜರಾಯು' ಸರಿ, ಶಿಬಿರದ ತಾಯಂದಿರಿಗೆ 'ಮಾಸು' ಅಂತಲೇ ಬರೆಯಿರಿ.