ತಾಯಿ ಮಗನ ನಡುವೆ ಒಂದು ಮೀನು: ‘ದಿ ಮ್ಯಾಜಿಕ್ ಫಿಶ್’ ಓದಿದ ಮೇಲೆ

ಮಗಳು ತಂದಿಟ್ಟ, ಚಿತ್ರಗಳಲ್ಲೇ ಕತೆ ಹೇಳುವ ಈ ಪುಸ್ತಕವನ್ನು ನಾನು ಮೊದಲು ಬಿಡಿಸಿದ್ದು ಬಟ್ಟೆ ನೋಡುವ ಆಸೆಗೆ. ಬದಿಯಡ್ಕದ ಹತ್ತಿರ ಮನೆಯಲ್ಲೇ ಹೊಲಿಗೆ ಮಾಡುವವಳು ನಾನು. ಚಿತ್ರದಲ್ಲಿ ನೆರಿಗೆ ಸುಮ್ನೆ ಗೀಚಿದ್ದೋ, ಬಟ್ಟೆ ಬೀಳುವ ರೀತಿ ಗೊತ್ತಿದ್ದು ಬರೆದದ್ದೋ ಅಂತ ತಕ್ಷಣ ತಿಳಿಯುತ್ತದೆ. ಇದನ್ನು ಬರೆದವರಿಗೆ ಬಟ್ಟೆ ಗೊತ್ತು.

ಬರೆದು ಚಿತ್ರಿಸಿದವರು ಟ್ರುಂಗ್ ಲೆ ನುಯೆನ್. ವಿಯೆಟ್ನಾಂ ಮೂಲದವರು, ಹುಟ್ಟಿದ್ದು ಫಿಲಿಪೀನ್ಸಿನ ನಿರಾಶ್ರಿತರ ಶಿಬಿರದಲ್ಲಿ, ಬೆಳೆದದ್ದು ಅಮೆರಿಕದಲ್ಲಿ. ಪುಸ್ತಕ ಬಂದದ್ದು 2020ರಲ್ಲಿ. ಸುಮಾರು 250 ಪುಟ, ಎಲ್ಲ ಇಂಗ್ಲಿಷ್. ಹಾಗಾಗಿ ರಾತ್ರಿ ಊಟ ಆದ ಮೇಲೆ ಮಗಳು ಓದುತ್ತಾ ತುಳುವಿನಲ್ಲಿ ಹೇಳುತ್ತಿದ್ದಳು. ತುಳು ಸಿಗದ ಕಡೆ ಮಲಯಾಳಂ. ನಮ್ಮ ಕಾಸರಗೋಡಿನ ಮನೆಗಳಲ್ಲಿ ಮಾತು ಹೀಗೇ ನಡೆಯುವುದು ಅಲ್ವಾ?

ಪುಸ್ತಕದೊಳಗೂ ಅದೇ. ಹಿಯೆನ್ ಅಮೆರಿಕಕ್ಕೆ ಬಂದು ನೆಲೆಸಿದ ವಿಯೆಟ್ನಾಮಿ ಹೆಂಗಸು. ಹೊಲಿಗೆ ಅವಳ ಕೆಲಸ. ಮಗನ ಜಾಕೆಟ್ಟಿಗೆ ತೇಪೆ ಹಾಕಿಕೊಡುತ್ತಾಳೆ. ಅವಳಿಗೆ ಇಂಗ್ಲಿಷ್ ಕಡಿಮೆ, ಮಗ ತಿಯೆನ್‌ಗೆ ವಿಯೆಟ್ನಾಮಿ ಕಡಿಮೆ. ಲೈಬ್ರರಿಯಿಂದ ರಾಜಕುಮಾರಿಯರ ಕತೆ ತಂದು ಒಬ್ಬರಿಗೊಬ್ಬರು ಓದಿ ಹೇಳುತ್ತಾರೆ. ಹುಡುಗನ ಮನಸ್ಸಿನಲ್ಲಿ ಒಂದು ವಿಷಯ ಕೂತಿದೆ. ತಾನು ಸಲಿಂಗಿ ಅಂತ ಅಪ್ಪ ಅಮ್ಮನಿಗೆ ಹೇಳಬೇಕು. ಅದಕ್ಕೆ ಅವರ ಭಾಷೆಯಲ್ಲಿ ಏನನ್ನುತ್ತಾರೆ ಅಂತಲೇ ಅವನಿಗೆ ಗೊತ್ತಿಲ್ಲ. ತುಳುವಿನಲ್ಲಿ ನನಗೂ ಆ ಮಾತು ಗೊತ್ತಿಲ್ಲ. ಮಗಳು ಅಲ್ಲಿ ಓದು ನಿಲ್ಲಿಸಿ ನನ್ನ ಮುಖ ನೋಡಿದಳು. ಮುಂದೆ ಓದು ಮಗಾ ಅಂದೆ.

ಬಣ್ಣದ ಲೆಕ್ಕ ಚೆನ್ನಾಗಿದೆ. ಈಗಿನದು ಕೆಂಪು, ತಾಯಿಯ ಹಳೆಯ ನೆನಪು ಹಳದಿ, ಕತೆಯ ಲೋಕ ನೀಲಿ. ಒಂದೇ ಪುಟದಲ್ಲಿ ಕೆಂಪಿನ ನಡುವೆ ಒಂದು ಹಳದಿ ಚೌಕ ಬಂದರೆ ಸಾಕು, ಅವಳ ಮನಸ್ಸು ಊರಿಗೆ ಹೋಯಿತು ಅಂತ ಗೊತ್ತಾಗುತ್ತದೆ. ಇಂಗ್ಲಿಷ್ ಬಾರದ ನನಗೂ ಗೊತ್ತಾಯಿತು.

ಹಿಯೆನ್ ತಾಯಿಯ ಸಾವಿಗೆ ವಿಯೆಟ್ನಾಂಗೆ ಹೋಗುವ ಭಾಗ ನನಗೆ ಕಷ್ಟವಾಯಿತು. ನನ್ನ ಅಮ್ಮ ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ವಿಟ್ಲದ ಹತ್ತಿರ ಅಣ್ಣನ ಮನೆಯಲ್ಲಿ. ಗಡಿ ದಾಟಿದರೆ ಹತ್ತಿರವೇ. ಆದರೆ ಕೊರೊನಾ ಅಂತ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಿದ್ದರು. ಗಡಿಯಲ್ಲಿರುವ ಸಾರಡ್ಕ ದಾಟಲು ಆಗಲಿಲ್ಲ. ಅಮ್ಮನ ಮುಖ ನಾನು ಕೊನೆಗೆ ನೋಡಿದ್ದು ವಾಟ್ಸಾಪಿನಲ್ಲಿ. ಹಿಯೆನ್‌ಳದು ಸಮುದ್ರದಾಚೆಯ ದೂರ. ನನ್ನದು ಬಸ್ಸಿನ ದೂರ. ಓದುವಾಗ ಎರಡೂ ಒಂದೇ ಅನಿಸಿತು.

ವಿಯೆಟ್ನಾಮಿನಲ್ಲಿ ಬಳಗದ ಹಿರಿಯ ಹೆಂಗಸೊಬ್ಬಳು ಹಿಯೆನ್‌ಗೆ ತಾಮ್ ಮತ್ತು ಕಾಮ್ ಎಂಬ ಇಬ್ಬರು ಹುಡುಗಿಯರ ಕತೆ ಹೇಳುತ್ತಾಳೆ. ತಾಮ್ ಮೀನು ಸಾಕುತ್ತಾಳೆ, ಮಲತಾಯಿ ಅದನ್ನು ಕೊಲ್ಲುತ್ತಾಳೆ, ಆ ಮೀನಿನ ಮೂಳೆಯೇ ಹುಡುಗಿಯನ್ನು ಕಾಯುತ್ತದೆ. ವಿಯೆಟ್ನಾಮಿನವರ ಅಜ್ಜಿಕತೆ ಅದು. ಅದರ ಉಡುಪುಗಳನ್ನು 1950ರ ದಶಕದ ವಿಯೆಟ್ನಾಮಿನಂತೆ ಬರೆದಿದ್ದಾರೆ. ತೋಳಿನ ಕಟಿಂಗ್ ನೋಡುತ್ತಾ ನಾನು ತುಂಬಾ ಹೊತ್ತು ಕೂತೆ.

ಕೊರತೆ ಇಲ್ಲ ಅಂತಲ್ಲ. ಅಪ್ಪನ ಪಾತ್ರ ತೀರಾ ಕಡಿಮೆ. ದೇಶ ಬಿಟ್ಟು ಬಂದ ದಿನಗಳು ಇನ್ನೂ ನಾಲ್ಕು ಪುಟ ಬೇಕಿತ್ತು. ಕತೆಯಿಂದ ಕತೆಗೆ ಹಾರುವಾಗ ಮಗಳೂ ಒಂದೆರಡು ಸಲ ಹಿಂದಿನ ಪುಟಕ್ಕೆ ಹೋಗಿ ನೋಡಬೇಕಾಯಿತು.

ಕೊನೆಯ ಭಾಗಕ್ಕಾಗಿಯಾದರೂ ಓದಿ. ಡೆನ್ಮಾರ್ಕಿನ ಹಳೆಯ ಮತ್ಸ್ಯಕನ್ಯೆಯ ಕತೆಯಲ್ಲಿ ಅವಳು ಕಡಲಿನ ನೊರೆಯಾಗಿ ಹೋಗುತ್ತಾಳೆ. ಹಿಯೆನ್ ಅದನ್ನು ಮಗನಿಗೆ ಹೇಳುವಾಗ ಕೊನೆಯನ್ನೇ ಬದಲಾಯಿಸುತ್ತಾಳೆ. ಬಾಯಲ್ಲಿ ಬಾರದ ಮಾತನ್ನು ಕತೆಯೊಳಗೆ ಇಟ್ಟು ಕೊಡುತ್ತಾಳೆ. ಏನು ಬದಲಾಯಿಸಿದಳು ಅಂತ ನಾನು ಹೇಳುವುದಿಲ್ಲ.

ನನ್ನ ಅಮ್ಮನೂ ಹೀಗೆ ಮಾಡುತ್ತಿದ್ದಳು. ಒಂದು ಕತೆಯೂ ಒಂದು ಹಾಡೂ ಗೊತ್ತಿದ್ದು ಯಾರಿಗೂ ಹೇಳದ ಹೆಂಗಸಿನ ಕತೆ ನಿಮಗೂ ಗೊತ್ತಿರಬಹುದು. ಉಸಿರುಗಟ್ಟಿದ ಕತೆ ಬಾಯಿಂದ ಹೊರಗೆ ಬಂದು ಬಾಗಿಲಲ್ಲಿ ಚಪ್ಪಲಿಯಾಗಿ ಕೂರುತ್ತದೆ, ಹಾಡು ಕೋಟಾಗಿ ಗೂಟಕ್ಕೆ ನೇತಾಡುತ್ತದೆ. ಯಾರು ಬಂದಿದ್ದರು ಅಂತ ಗಂಡ ಜಗಳ ತೆಗೆಯುತ್ತಾನೆ. ದೀಪಗಳ ಮಾತು ಕೇಳಿ ಅವನಿಗೆ ನಿಜ ತಿಳಿಯುವ ಹೊತ್ತಿಗೆ ಅವಳಿಗೆ ಎರಡೂ ಮರೆತುಹೋಗಿರುತ್ತದೆ. ಚಿಕ್ಕವಳಿದ್ದಾಗ ಅದಕ್ಕೆ ನಾನು ಅತ್ತಿದ್ದೆ. ಮರುದಿನದಿಂದ ಅಮ್ಮನ ಕತೆಯಲ್ಲಿ ಆ ಚಪ್ಪಲಿ ರಾತ್ರಿ ಮೆಲ್ಲ ಒಳಗೆ ನಡೆದು ಬಂದು, ಮಲಗಿದ ಹೆಂಗಸಿನ ಕಿವಿಯಲ್ಲಿ ಕತೆಯನ್ನು ಮತ್ತೆ ಹೇಳುತ್ತಿತ್ತು.

ಪುಸ್ತಕ ಮುಗಿದ ರಾತ್ರಿ ಇದನ್ನು ಮಗಳಿಗೆ ಹೇಳಿದೆ. ಈ ಪುಟ್ಟ ಮನೆಯಲ್ಲಿ ಇಷ್ಟು ವರ್ಷ ಅವಳಿಗೆ ಹೇಳಿಯೇ ಇರಲಿಲ್ಲ. ಕೇಳಿ ಎದ್ದುಹೋಗಿ ನೋಟ್‌ಬುಕ್ ತಂದಳು. ಅವಳಿಗೆ ಕನ್ನಡ ಬರೆಯಲು ಬಾರದು. ಅಮ್ಮನ ತುಳು ಕತೆಯನ್ನು ಮಲಯಾಳಂ ಅಕ್ಷರದಲ್ಲಿ ಬರೆದುಕೊಂಡಳು. ಚಪ್ಪಲಿಯ ಜಾಗ ಬಂದಾಗ, ಅಜ್ಜಿ ಹೇಳಿದ ಹಾಗೇ ಇನ್ನೊಮ್ಮೆ ಹೇಳಮ್ಮಾ ಅಂದಳು.